ನೀವು ಬರೆದದ್ದನ್ನು ಯಾರು ತಿದ್ದುತ್ತಾರೆ?

ಡಿಗ್ರಿ ಇದೆ, ಹತ್ತು ವರ್ಷ ಬೇರೆ ಕೆಲಸ ಮಾಡಿಯಾಗಿದೆ, ಈಗ ಇಲ್ಲಿ ಅಮೆರಿಕದಲ್ಲಿ ಪ್ಯಾರಾಲೀಗಲ್ (ವಕೀಲರ ಕೈಕೆಳಗೆ ಕಾನೂನಿನ ಕೆಲಸ ಮಾಡುವವರು) ಆಗಲು ಆನ್‌ಲೈನ್ ಸರ್ಟಿಫಿಕೇಟ್ ಮಾಡಿದರೆ ಹೇಗೆ ಅಂತ ಈಚೆಗೆ ಮೂವರು ಕೇಳಿದರು. ಮಾಡಿ ಅಂತಲೇ ಹೇಳಿದೆ. ಇನ್ಶೂರೆನ್ಸ್ ಕ್ಲೇಮ್ ನೋಡಿಕೊಂಡಿದ್ದ ನಾನೂ ಇದೇ ದಾರಿಯಲ್ಲಿ ಬಂದವಳು. ಆದರೆ ಮೂವರೂ ಮೊದಲು ಕೇಳಿದ್ದು, "ಎಷ್ಟು ತಿಂಗಳಲ್ಲಿ ಮುಗಿಯುತ್ತೆ?" ಕೇಳಬೇಕಾದ್ದು ಅದಲ್ಲ. ನಾನು ಬರೆದದ್ದನ್ನು ಯಾರು ತಿದ್ದುತ್ತಾರೆ ಅಂತ ಕೇಳಿ.

ಒಂದು ಹೋಮ್‌ವರ್ಕ್ ಮರೆಯುವುದೇ ಇಲ್ಲ. ಫೆಡರಲ್ ಕೋರ್ಟ್‌ನಲ್ಲಿ ಸಮನ್ಸ್ ಕೈಗೆ ಬಂದ ಮೇಲೆ ಪ್ರತಿವಾದಿ ಸಾಮಾನ್ಯವಾಗಿ 21 ದಿನದೊಳಗೆ ಉತ್ತರ ಕೊಡಬೇಕು. ನಾವು ವಾದಿಯ ಕಡೆ. ಸಮನ್ಸ್ ಜಾರಿಯಾದದ್ದು ಶನಿವಾರ. ಉತ್ತರ ಬಾರದಿದ್ದರೆ ಡಿಫಾಲ್ಟ್ (ಪ್ರತಿವಾದಿ ಉತ್ತರ ಕೊಡಲಿಲ್ಲವೆಂದು ಕೋರ್ಟ್ ದಾಖಲಿಸುವುದು) ಕೇಳುವುದು ಯಾವಾಗ? ನಾನು ಆ ಶನಿವಾರವನ್ನೇ ಮೊದಲ ದಿನ ಅಂತ ಎಣಿಸಿ, ಶುಕ್ರವಾರಕ್ಕೆ ಗಡುವು ಮುಗಿಯಿತು ಎಂದು ಬರೆದೆ. ತಪ್ಪು. ಜಾರಿಯಾದ ದಿನವನ್ನು ಬಿಟ್ಟು ಎಣಿಸಬೇಕು. ಆಗ 21ನೇ ದಿನವೂ ಶನಿವಾರವೇ ಬರುತ್ತದೆ. ಕೊನೇ ದಿನ ಶನಿವಾರವೋ ಭಾನುವಾರವೋ ರಜೆಯೋ ಆದರೆ ಗಡುವು ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ಸೋಮವಾರ ಪೂರ್ತಿ ಅವರಿಗೆ ಸಮಯವಿತ್ತು!

ಸರಿ ಉತ್ತರಕ್ಕೆ ಗುರುತು ಹಾಕುವ ಕ್ವಿಜ್ ಆಗಿದ್ದರೆ ಒಂದು ಅಂಕ ಹೋಗುತ್ತಿತ್ತು, ಅಷ್ಟೇ. ಆದರೆ ಪಾಠ ಮಾಡುತ್ತಿದ್ದ ವಕೀಲರು ನನ್ನ ಕರಡನ್ನು ಸಾಲು ಸಾಲಾಗಿ ಓದಿ, ಎಣಿಕೆ ತಪ್ಪಿದ ಜಾಗದಲ್ಲಿ ಟಿಪ್ಪಣಿ ಬರೆದಿದ್ದರು. ಇವತ್ತಿಗೂ ಕ್ಯಾಲೆಂಡರ್ ತೆರೆದಾಗ ಅದೇ ನೆನಪಾಗುತ್ತದೆ.

ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ ಒಪ್ಪಿಗೆ ಕೊಡುವುದು ಕೋರ್ಸಿಗೆ, ಕಲಿತವರಿಗಲ್ಲ. ಆ ಒಪ್ಪಿಗೆ ಬೇಕಿದ್ದರೆ ಕಾನೂನು ಕ್ಲಾಸ್‌ಗಳಲ್ಲಿ ಒಂದು ಭಾಗ ಲೈವ್ ಆಗಿ ನಡೆಯಲೇಬೇಕು. ಕೆಲಸ ಬಿಡದೆ ಓದುವವರಿಗೆ ಇದು ಕಷ್ಟ, ಗೊತ್ತು. ಆದರೂ ನನಗೆ ಜಾಸ್ತಿ ದಕ್ಕಿದ್ದು ಆ ಲೈವ್ ಕ್ಲಾಸ್‌ಗಳಿಂದಲೇ.

ಇನ್ನೊಂದು ಗೊಂದಲ. ಸರ್ಟಿಫಿಕೇಟ್ ಸಿಕ್ಕರೆ ನೀವು ಸರ್ಟಿಫೈಡ್ ಆಗುವುದಿಲ್ಲ. ಅದಕ್ಕೆ ನಾಲಾ (NALA) ಥರದ ಪ್ಯಾರಾಲೀಗಲ್ ಸಂಘಗಳ ಪರೀಕ್ಷೆ ಬೇರೆಯೇ ಇದೆ. ನಿಮ್ಮ ರಾಜ್ಯದ ನಿಯಮವನ್ನೂ ಓದಿ. ಕ್ಯಾಲಿಫೋರ್ನಿಯಾದಲ್ಲಿ ಯಾವ ವಿಷಯದ ಡಿಗ್ರಿ ಇದ್ದರೂ ಸರಿ, ವಕೀಲರ ಕೈಕೆಳಗೆ ಒಂದು ವರ್ಷ ಕಾನೂನಿನ ಕೆಲಸ ಮಾಡಿ, ನೀವು ಪ್ಯಾರಾಲೀಗಲ್ ಕೆಲಸಕ್ಕೆ ಅರ್ಹರೆಂದು ಅವರು ಬರೆದುಕೊಟ್ಟರೆ ಅದೂ ಒಂದು ದಾರಿ. ಕೆಲವರಿಗೆ ಕೋರ್ಸೇ ಬೇಡವಾಗಬಹುದು.

ಹಳೇ ಕೆಲಸವನ್ನು ರೆಸ್ಯೂಮೆಯಲ್ಲಿ ಮುಚ್ಚಿಡಬೇಡಿ. ನರ್ಸ್ ಆಗಿದ್ದವರು ಆಸ್ಪತ್ರೆ ದಾಖಲೆ ಓದುವ ಹಾಗೆ ಬೇರೆಯವರು ಓದಲಾರರು. ಅಕೌಂಟೆಂಟ್ ಆಗಿದ್ದವರಿಗೆ ದಿವಾಳಿ ಕೇಸುಗಳ ಲೆಕ್ಕ ಬೇಗ ಹಿಡಿತಕ್ಕೆ ಬರುತ್ತದೆ. ನನಗಂತೂ ಅಪಘಾತದ ಕೇಸುಗಳಲ್ಲಿ ಪಾಲಿಸಿ ಓದುವುದು ಯಾರೂ ಕಲಿಸಬೇಕಾಗಲಿಲ್ಲ.

ಕಲಿಯಬೇಕಾಗಿ ಬಂದದ್ದು ಬೇರೆ. ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಕಕ್ಷಿದಾರರು ಫೋನ್ ಮಾಡಿ, "ಈ ಸೆಟಲ್‌ಮೆಂಟ್‌ಗೆ ಸಹಿ ಹಾಕಲಾ ಮೇಡಂ?" ಅಂತ ಕೇಳಿದರು. ಮೊತ್ತ ಕಡಿಮೆ ಅಂತ ನನಗೆ ಅನ್ನಿಸಿತ್ತು. ಅಂಥ ಕಾಗದಗಳನ್ನು ವರ್ಷಗಟ್ಟಲೆ ನೋಡಿದ್ದೆನಲ್ಲ, ಬಾಯಿಗೆ ಬಂದೇಬಿಟ್ಟಿತ್ತು. ಆದರೆ ಕಾನೂನು ಸಲಹೆ ಕೊಡುವ ಅಧಿಕಾರ ಪ್ಯಾರಾಲೀಗಲ್‌ಗೆ ಇಲ್ಲ. "ಸಹಿ ಹಾಕುವ ಮೊದಲು ವಕೀಲರ ಹತ್ತಿರ ಮಾತಾಡಿ, ಲೈನ್‌ನಲ್ಲೇ ಇರಿ" ಅಂದು ಕರೆಯನ್ನು ಅವರಿಗೆ ಕೊಟ್ಟೆ.