ತೆರೆದಿಟ್ಟ ಟ್ಯಾಬ್ ಕಸ ಅಲ್ಲ

ಮೊನ್ನೆ ರಾತ್ರಿ ಹಾಸನದಲ್ಲಿ ಜೋರು ಮಳೆ. ಒಂದು ಗುಡುಗು ಗುಡುಗಿದ್ದೇ ತಡ, ಕರೆಂಟ್ ಹೋಯ್ತು. ನಮ್ಮನೆ ಕಂಪ್ಯೂಟರಿಗೆ ಯುಪಿಎಸ್ ಇಲ್ಲ.

ಒಂಬತ್ತನೇ ಕ್ಲಾಸಿಗೆ ಹಲ್ಮಿಡಿ ಶಾಸನದ ಬಗ್ಗೆ ಹೇಳಬೇಕು ಅಂತ ಮೂರು ರಾತ್ರಿ ಕೂತು ಹುಡುಕಿದ್ದೆ. ಬ್ರೌಸರಿನಲ್ಲಿ ಒಂದರ ಪಕ್ಕ ಒಂದು ತೆರೆದಿಟ್ಟ ಪುಟಗಳು, ಅಂದರೆ ಟ್ಯಾಬ್, ಒಟ್ಟು 31. ಮೊದಲು ಬೇಲೂರು ತಾಲ್ಲೂಕಿನಲ್ಲಿ ಹಲ್ಮಿಡಿ ಎಲ್ಲಿದೆ ಅನ್ನೋ ನಕ್ಷೆ. ಪಕ್ಕದಲ್ಲಿ ಕಲ್ಲಿನ ಫೋಟೊ. ಆಮೇಲೆ ಅದರ 16 ಸಾಲು, ಪದಗಳ ಅರ್ಥ, ಕದಂಬರು. ಯಾವುದಾದ ಮೇಲೆ ಯಾವುದನ್ನು ಮಕ್ಕಳಿಗೆ ತೋರಿಸಬೇಕು ಅನ್ನೋದು ಆ ಸಾಲಿನಲ್ಲೇ ಇತ್ತು.

ಕರೆಂಟ್ ಬಂತು. ಕ್ರೋಮ್ ತೆರೆದರೆ ಮೂಲೆಯಲ್ಲಿ, ಹಳೇ ಪುಟಗಳು ಬೇಕಾ ಅಂತ ಕೇಳುವ ಸಣ್ಣ ಚೌಕ. ಅವಸರದಲ್ಲಿ ಅದರ ಇಂಟು ಗುರುತು ಒತ್ತಿಬಿಟ್ಟೆ. ಗಾಬರಿಯಾಗಿ ಬ್ರೌಸರ್ ಮುಚ್ಚಿ ತೆರೆದೆ. ಮತ್ತೆ ಮುಚ್ಚಿ ತೆರೆದೆ. ಅಲ್ಲಿಗೆ ಮುಗಿಯಿತು.

ಮಾರನೇ ದಿನ ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುವ ಹುಡುಗ ಹೇಳಿದ, "ಮೇಡಂ, ಮುಚ್ಚದೆ ಹಾಗೇ ಬಿಟ್ಟು ಕಂಟ್ರೋಲ್, ಶಿಫ್ಟ್, ಟಿ ಒಟ್ಟಿಗೆ ಒತ್ತಿದ್ರೆ ಬರ್ತಿತ್ತು." ಬ್ರೌಸರ್ ನೆನಪಿಡೋದು ಸಾಮಾನ್ಯವಾಗಿ ಹಿಂದಿನ ಒಂದು ಸಲದ್ದು ಮಾತ್ರವಂತೆ. ಮುಚ್ಚಿ ತೆರೆದಷ್ಟೂ ಹಳೆಯದರ ಮೇಲೆ ಹೊಸದು ಬಂದು ಕೂರುತ್ತೆ. ಇದನ್ನು ದಯವಿಟ್ಟು ಎಲ್ಲರೂ ನೆನಪಿಟ್ಟುಕೊಳ್ಳಿ.

ಬ್ರೌಸರಿನ ಹಿಸ್ಟರಿಯಲ್ಲಿ, ಅಂದರೆ ನೋಡಿದ್ದರ ಪಟ್ಟಿಯಲ್ಲಿ, ಪುಟಗಳೆಲ್ಲ ಇವೆ, ನಿಜ. ಆದರೆ ಮೂರು ದಿನ ನೋಡಿದ್ದೆಲ್ಲ ಅದರಲ್ಲಿ ಕಲಸಿಹೋಗಿದೆ. ಬೇಡ ಅಂತ ಬಿಟ್ಟ ಪುಟ ಯಾವುದು, ಬೇಕು ಅಂತ ಉಳಿಸಿಕೊಂಡದ್ದು ಯಾವುದು ಅಂತ ಅದಕ್ಕೆ ಗೊತ್ತಿಲ್ಲ.

ನನಗೆ ಬೇಸರ ತಂದದ್ದು ಇದು. ಫೋನಿನಲ್ಲಿ ಅದೇ ಕ್ರೋಮ್ ಮುಚ್ಚಿ ತೆರೆದರೂ ಟ್ಯಾಬ್‌ಗಳು ಹಾಗೇ ಇರುತ್ತವೆ, ಅಲ್ವಾ? ಕಂಪ್ಯೂಟರಿನಲ್ಲಿ ಮಾತ್ರ, ಬಿಟ್ಟಲ್ಲಿಂದ ಮುಂದುವರಿಸು ಅಂತ ನಾವೇ ಸೆಟ್ಟಿಂಗ್ಸ್‌ಗೆ ಹೋಗಿ ಹೇಳಬೇಕು. ಫೈರ್‌ಫಾಕ್ಸ್‌ನಲ್ಲಿ ಈ ಸೌಲಭ್ಯ 2006ರಿಂದಲೇ ಇದೆ. ನಾವು ಕೆಲಸ ಮಾಡುತ್ತಿರುವಾಗ ಅದು 15 ಸೆಕೆಂಡಿಗೊಮ್ಮೆ ಟ್ಯಾಬ್‌ಗಳ ಲೆಕ್ಕ ಬರೆದಿಡುತ್ತೆ. ಇಷ್ಟೆಲ್ಲ ಮಾಡಬಲ್ಲ ಬ್ರೌಸರ್, ಕೇಳದೆಯೇ ನಮ್ಮ ಕೆಲಸ ಕಾಪಾಡಬೇಕು. ಬೇಡ ಅನ್ನುವವರು ತೆಗೆದುಹಾಕಿಕೊಳ್ಳಲಿ. ಶಾಲೆಯ ಲ್ಯಾಬ್, ಸೈಬರ್ ಸೆಂಟರ್‌ಗಳಲ್ಲಿ ತೆಗೆಯಲೇಬೇಕು, ಇಲ್ಲದಿದ್ದರೆ ನಮ್ಮ ಮೇಲ್ ಮುಂದಿನವರ ಕಣ್ಣಿಗೆ ಬೀಳುತ್ತೆ.

ಟ್ಯಾಬ್ ಜಾಸ್ತಿ ಇಟ್ಟುಕೊಂಡವರನ್ನು ಸೋಮಾರಿಗಳು ಅನ್ನೋದೂ ನನಗೆ ಸರಿ ಕಾಣಲ್ಲ. ಮೇಜಿನ ಮೇಲೆ ಅರ್ಧ ಓದಿ ಮಗುಚಿಟ್ಟ ಪುಸ್ತಕವನ್ನು ಯಾರೂ ಕಸ ಅನ್ನಲ್ಲ.

ಈಗ ಮಲಗುವ ಮುಂಚೆ ಕಂಟ್ರೋಲ್, ಶಿಫ್ಟ್, ಡಿ ಒತ್ತಿ ಎಲ್ಲ ಟ್ಯಾಬ್‌ಗಳನ್ನೂ ಒಂದೇ ಫೋಲ್ಡರಿನಲ್ಲಿ ಬುಕ್‌ಮಾರ್ಕ್ ಮಾಡುತ್ತೇನೆ. ಹೆಸರು "ಹಲ್ಮಿಡಿ, 9ನೇ ಕ್ಲಾಸ್". 22 ಪುಟ ವಾಪಸ್ ಸಿಕ್ಕಿವೆ. ಅಕ್ಷರ ಒಂದೊಂದೂ ಸ್ಪಷ್ಟವಾಗಿ ಕಾಣುತ್ತಿದ್ದ ಶಾಸನದ ಫೋಟೊ ಮಾತ್ರ ಇನ್ನೂ ಸಿಕ್ಕಿಲ್ಲ. ಯಾರ ಹತ್ತಿರವಾದರೂ ಇದ್ದರೆ ಕಳಿಸಿ, ಸೋಮವಾರ ಪಾಠ ಇದೆ.