ತಂತಿಗೆ ತನ್ನದೇ ದಾರಿ

ನಿನ್ನೆ ರಾತ್ರಿ ಹನ್ನೊಂದೂವರೆ ಗಂಟೆಗೆ ನಾನು ಒಂದು ಎಮರ್ಜೆನ್ಸಿ ಸ್ವಿಚ್ಚನ್ನು ಅರ್ಧ ಅಂಗುಲದಷ್ಟು ಎಡಕ್ಕೆ ಸರಿಸಿದೆ. ನಿಜವಾದ ಸ್ವಿಚ್ಚನ್ನಲ್ಲ, ಕಂಪ್ಯೂಟರ್ ಪರದೆಯ ಮೇಲೆ ನಾನು ಬರೆಯುತ್ತಿದ್ದ ವೈರಿಂಗ್ ಚಿತ್ರದಲ್ಲಿದ್ದ ಅದರ ಗುರುತನ್ನು. ಅಷ್ಟಕ್ಕೇ, ಅಲ್ಲಿಯವರೆಗೆ ಸಾಲಾಗಿ ನಿಂತಿದ್ದ ಹದಿನಾಲ್ಕು ತಂತಿಗಳು ಶಾಲೆ ಬಿಟ್ಟ ಗಂಟೆ ಕೇಳಿದ ಮಕ್ಕಳಂತೆ ಚದುರಿದವು. ಒಂದು ತಂತಿ, ಶಾಖವನ್ನು ತಾನಾಗಿಯೇ ಹದದಲ್ಲಿಡುವ ಪಿಐಡಿ ಕಂಟ್ರೋಲರಿನ ಹೊಟ್ಟೆಯನ್ನು ಸೀಳಿಕೊಂಡು ಹೋಯಿತು. ಇನ್ನೊಂದು ಹಾಳೆಯ ಬಲ ಅಂಚಿನವರೆಗೆ ನಡೆದು, ಅಲ್ಲಿ ಏನೋ ನೆನಪಾದಂತೆ ತಿರುಗಿ, ಕೆಳಗಿನಿಂದ ಸುತ್ತು ಹಾಕಿಕೊಂಡು ಬಂದು, ಹೊರಟ ಜಾಗದಿಂದ ಎರಡು ಬೆರಳಿನಷ್ಟು ದೂರದಲ್ಲಿ ನಿಂತಿತು. ಮಾಡಿದ್ದನ್ನು ರದ್ದುಗೊಳಿಸುವ ಗುಂಡಿ ಒತ್ತಿದೆ. ತಂತಿಗಳೆಲ್ಲ ಶಿಸ್ತಾಗಿ ತಮ್ಮ ಜಾಗಕ್ಕೆ ಮರಳಿದವು. ಅವುಗಳೊಂದಿಗೆ ಸ್ವಿಚ್ಚೂ ತನ್ನ ಹಳೆಯ ತಪ್ಪು ಜಾಗಕ್ಕೆ ಮರಳಿತು.

ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸವಿರುವವರಿಗೆ ಈ ಅವಸ್ಥೆಯನ್ನು ವಿವರಿಸಬೇಕಾಗಿಲ್ಲ. ಗ್ಯಾಸ್ ಒಲೆಯ ಮುಂದೆ ನಿಂತು, ಥರ್ಮಾಮೀಟರನ್ನೇ ದಿಟ್ಟಿಸುತ್ತ ಉರಿಯನ್ನು ಏರಿಸಿ ಇಳಿಸುವ ಕೆಲಸ ಒಂದಲ್ಲ ಒಂದು ದಿನ ಎಲ್ಲರಿಗೂ ಸಾಕಾಗುತ್ತದೆ. ಪುಡಿ ಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಯಿಡುವ ಆ ಒಂದು ಗಂಟೆಯಲ್ಲಿ ಶಾಖ 64 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಬಿಯರ್ ತೆಳ್ಳಗಾಗುತ್ತದೆ, 69ಕ್ಕೆ ಏರಿದರೆ ಮೈತುಂಬಿಕೊಂಡು ತುಸು ಸಿಹಿಯಾಗಿ ಉಳಿಯುತ್ತದೆ. ಈ ಐದು ಡಿಗ್ರಿಯ ಕಾವಲಿಗೆ ಮನುಷ್ಯನಿಗಿಂತ ಪಿಐಡಿ ಕಂಟ್ರೋಲರೇ ವಾಸಿ ಎಂಬ ಜ್ಞಾನೋದಯವಾದ ದಿನದಿಂದ ಹವ್ಯಾಸವು ಬಿಯರಿನ ಕೈಬಿಟ್ಟು ಕರೆಂಟಿನ ಕೈಹಿಡಿಯುತ್ತದೆ. 5500 ವ್ಯಾಟಿನ ಹೀಟರ್ ಎಲಿಮೆಂಟ್ 240 ವೋಲ್ಟಿನಲ್ಲಿ ಸುಮಾರು 23 ಆಂಪಿಯರ್ ಎಳೆಯುತ್ತದೆ. ಅದನ್ನು ಕ್ಷಣಕ್ಷಣಕ್ಕೂ ಹಚ್ಚಿ ಆರಿಸಲು ಸಾಲಿಡ್ ಸ್ಟೇಟ್ ರಿಲೇ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಬೇಕು. ರಿಲೇ ಬಿಸಿಯೇರುವುದರಿಂದ ಅದರ ಬೆನ್ನಿಗೆ ಶಾಖ ಹೀರುವ ಹೀಟ್ ಸಿಂಕ್ ಬೇಕು. ಆ ರಿಲೇ ಕೆಟ್ಟರೆ ಹೆಚ್ಚಾಗಿ ಸಂಪರ್ಕ ಕೂಡಿದ ಸ್ಥಿತಿಯಲ್ಲೇ ಕೆಡುವುದರಿಂದ, ಅಂದರೆ ಆರು ಎಂದರೂ ಆರದೆ ಹೋಗುವುದರಿಂದ, ಅದರ ಹಿಂದೆ ಹೀಟರಿನ ಕರೆಂಟನ್ನೇ ಕಡಿಯಬಲ್ಲ ಕಾಂಟ್ಯಾಕ್ಟರ್ ಎಂಬ ದೊಡ್ಡ ರಿಲೇ ಬೇಕು. ಆ ಕಾಂಟ್ಯಾಕ್ಟರನ್ನು ಕೂಡಿಸಿಡುವ ಕಾಯಿಲ್‌ಗೆ, ಅಂದರೆ ತಂತಿಯ ಸುರುಳಿಗೆ, ಹೋಗುವ ಕರೆಂಟನ್ನು ಒಂದೇ ಏಟಿಗೆ ಕಡಿಯಲು ಅಣಬೆಯಂಥ ಕೆಂಪು ತಲೆಯ ಎಮರ್ಜೆನ್ಸಿ ಸ್ವಿಚ್ ಬೇಕು. ಇದರ ಮೇಲೆ ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಡಿ, ಎರಡು ಪಂಪು, ನಾಲ್ಕು ದೀಪ. ಇಷ್ಟೆಲ್ಲದರ ನಡುವೆ ಓಡಾಡುವವನ ಕೈಯೂ ಒದ್ದೆ, ಕಾಲ ಕೆಳಗಿನ ನೆಲವೂ ಒದ್ದೆ. ಆದ್ದರಿಂದ ಇವನ್ನೆಲ್ಲ ಕೂರಿಸುವ ಪೆಟ್ಟಿಗೆಗೆ ತೂತು ಕೊರೆಯುವ ಮೊದಲು ಕಾಗದದ ಮೇಲೆ ವೈರಿಂಗ್ ಚಿತ್ರ ಇರಲೇಬೇಕು ಎಂಬುದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆ ಚಿತ್ರವನ್ನು ಯಾವುದರಲ್ಲಿ ಬರೆಯಬೇಕು ಎಂಬಲ್ಲಿಗೆ ಬಂದಾಗ ಮಾತ್ರ ನನ್ನ ಬಾಯಿಯಿಂದ ಬರಬಾರದ ಮಾತುಗಳು ಬರುತ್ತವೆ.

ಇದರಲ್ಲಿ ನನ್ನ ಮಿತ್ರರೊಬ್ಬರ ಪಾಲೂ ಇದೆ. ಅವರಿಗೆ ಯಾವ ಸಾಫ್ಟ್‌ವೇರಿನ ಹೆಸರು ಹೇಳಿದರೂ "ಅಯ್ಯೋ, ಅದೇಕೆ? ಇದರಲ್ಲಿ ಬರೆಯಿರಿ, ಐದೇ ನಿಮಿಷದ ಕೆಲಸ" ಎಂದು ಮತ್ತೊಂದರ ಹೆಸರು ಹೇಳುವ ಅಭ್ಯಾಸ. ಅವರ ಐದು ನಿಮಿಷಗಳನ್ನು ನಾನು ಕಳೆದ ಆರು ವಾರಗಳಿಂದ ಕಳೆಯುತ್ತಿದ್ದೇನೆ. ಅವರು ಸ್ವತಃ ಯಾವುದರಲ್ಲಾದರೂ ಒಂದು ಚಿತ್ರ ಬರೆದಿದ್ದಾರೆಯೇ ಎಂದು ಕೇಳುವ ಧೈರ್ಯ ಬಂದದ್ದು ಮೊನ್ನೆಯಷ್ಟೇ. ಇಲ್ಲವಂತೆ. ಅವರು ಈಗಲೂ ಗ್ಯಾಸ್ ಒಲೆಯನ್ನೇ ಬಳಸುತ್ತಾರಂತೆ.

ಅವರ ಮೊದಲ ಸಲಹೆ ಕೈಕ್ಯಾಡ್. 1992ರಲ್ಲಿ ಜ್ಯಾಂ ಪಿಯೇರ್ ಶಾರಾ ಎಂಬುವರು ಆರಂಭಿಸಿದ, ಎಲ್ಲರಿಗೂ ಉಚಿತವಾಗಿ ಸಿಗುವ, ಸರ್ಕ್ಯೂಟ್ ಬೋರ್ಡುಗಳನ್ನು ರೂಪಿಸುವ ತಂತ್ರಾಂಶ ಅದು. ಅದರ ಯೋಗ್ಯತೆಯ ಬಗ್ಗೆ ನನಗೆ ಗೌರವವೇ ಇದೆ. ಆದರೆ ಗೌರವಾನ್ವಿತ ವಿದ್ವಾಂಸರನ್ನು ಕರೆದು ಪಾತ್ರೆಯ ತೂತು ಮುಚ್ಚಿಸಿದಂತಾಯಿತು ನನ್ನ ಕೆಲಸ. ನಾನು ಹೀಟರನ್ನು ಬರೆದೊಡನೆ, ಇದರ ಫುಟ್‌ಪ್ರಿಂಟ್ ಯಾವುದು ಎಂಬ ಖಾಲಿ ಖಾನೆ ಎದುರಾಯಿತು. ಅಂದರೆ ನನ್ನ ತೋಳುದ್ದದ ಕಬ್ಬಿಣದ ಸುರುಳಿ ಬೋರ್ಡಿನ ಮೇಲೆ ಎಷ್ಟು ಮಿಲಿಮೀಟರ್ ಜಾಗ ಹಿಡಿಯುತ್ತದೆ ಎಂಬ ವಿಚಾರಣೆ. ಅದನ್ನು ದಾಟಿದ ಮೇಲೆ ನಿಯಮ ಪರೀಕ್ಷೆಯ ಗುಂಡಿ ಒತ್ತಿದೆ. ನಿಮ್ಮ ಪವರ್ ಪಿನ್‌ಗೆ ಎಲ್ಲಿಂದಲೂ ಪವರ್ ಬರುತ್ತಿಲ್ಲ ಎಂಬರ್ಥದ ದೋಷಸೂಚನೆ ಬಂತು. ಗೋಡೆಯಿಂದ ಬರುತ್ತದೆ ಸ್ವಾಮಿ ಎಂದು ಅದಕ್ಕೆ ಹೇಳುವ ದಾರಿ ಯಾವುದೆಂದು ಹುಡುಕಲು ಒಂದು ಸಂಜೆ ಹೋಯಿತು. ಪವರ್ ಫ್ಲ್ಯಾಗ್ ಎಂಬ ಪುಟ್ಟ ಬಾವುಟವೊಂದನ್ನು ತಂತಿಗೆ ನೆಟ್ಟರೆ ಅದಕ್ಕೆ ಸಮಾಧಾನವಾಗುತ್ತದೆ. ಬಾವುಟದಿಂದ ಕರೆಂಟ್ ಬರುವುದಿಲ್ಲವೆಂದು ನನಗೂ ಗೊತ್ತು, ಅದಕ್ಕೂ ಗೊತ್ತು. ಆದರೂ ಇಬ್ಬರೂ ಮರ್ಯಾದೆ ಉಳಿಸಿಕೊಂಡೆವು.

ಫ್ರಿಟ್ಜಿಂಗ್ ಎಂಬ ತಂತ್ರಾಂಶ ಕಣ್ಣಿಗೆ ಹಬ್ಬ. ಬಿಡಿಭಾಗಗಳು ನಿಜವಾಗಿ ಹೇಗಿವೆಯೋ ಹಾಗೆಯೇ ಕಾಣುತ್ತವೆ, ಬಣ್ಣಬಣ್ಣದ ತಂತಿಗಳು ಬಳುಕುತ್ತವೆ. ಆದರೆ ಆ ನೋಟವೆಲ್ಲ ಬ್ರೆಡ್‌ಬೋರ್ಡಿಗೆ, ಅಂದರೆ ತೂತುಗಳಿಗೆ ತಂತಿ ಚುಚ್ಚಿ ಪ್ರಯೋಗ ಮಾಡುವ ಹಲಗೆಗೆ, ಎಂಬುದೊಂದೇ ತೊಡಕು. ಒಂದು ಆಂಪಿಯರಿಗೇ ಬೆವರುವ ಆ ಬಿಳಿ ಹಲಗೆಯ ಮೇಲೆ 23 ಆಂಪಿಯರಿನ ತಂತಿಯನ್ನು ಚುಚ್ಚಿದ ಚಿತ್ರ ಬರೆದು, ಅದನ್ನು ನೋಡಿ ನಾನೇ ಹೆದರಿ ಮುಚ್ಚಿಟ್ಟೆ. ಚಿತ್ರ ಬರೆಯುವ ಇಂಕ್‌ಸ್ಕೇಪ್ ತಂತ್ರಾಂಶ ಹೇಳಿದ ಮಾತು ಕೇಳುತ್ತದೆ, ಎಳೆದ ಗೆರೆ ಎಳೆದಲ್ಲೇ ಇರುತ್ತದೆ. ಆದರೆ ಅದಕ್ಕೆ ಕಾಂಟ್ಯಾಕ್ಟರೂ ಒಂದೇ, ಕಮಲದ ಹೂವೂ ಒಂದೇ, ಪ್ರತಿಯೊಂದು ಚಿಹ್ನೆಯನ್ನೂ ನಾವೇ ಬರೆಯಬೇಕು. ಇನ್ನು ಭಾಷಣದ ಸ್ಲೈಡುಗಳನ್ನು ಮಾಡುವ ತಂತ್ರಾಂಶದಲ್ಲೇ ಇಡೀ ಪ್ಯಾನೆಲ್ ಬರೆದವರನ್ನು ನಾನು ಬಲ್ಲೆ. ಅವರ ತಾಳ್ಮೆಗೆ ನಮಸ್ಕಾರ.

ಇದೆಲ್ಲ ಮುಗಿದು ಕೊನೆಗೆ ಬಂದು ಬಿದ್ದದ್ದು ಕಚೇರಿಗಳಲ್ಲಿ ಫ್ಲೋಚಾರ್ಟ್ ಬರೆಯುವ ಒಂದು ತಂತ್ರಾಂಶದ ಕೈಗೆ. ಹೆಸರು ಬೇಡ, ಯಾರ ಯಾರ ಕೆಲಸದ ಅನುಮೋದನೆ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗಬೇಕು ಎಂಬುದನ್ನು ಬಾಣಗಳಲ್ಲಿ ತೋರಿಸುವ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿದೆ. ಅದರ ಹೆಮ್ಮೆಯೆಂದರೆ ತಾನಾಗಿಯೇ ದಾರಿ ಹುಡುಕುವ ಗೆರೆ. ನೀವು ಎರಡು ಚೌಕಗಳನ್ನು ತೋರಿಸಿದರೆ ಸಾಕು, ನಡುವಿನ ದಾರಿಯನ್ನು ಅದೇ ನಿರ್ಧರಿಸುತ್ತದೆ. ಚೌಕ ಸರಿದರೆ ಗೆರೆಯೂ ತನ್ನ ವಿವೇಚನೆಯಂತೆ ಸರಿಯುತ್ತದೆ. ಈ ವಿವೇಚನೆ ಎಂಬುದಿದೆಯಲ್ಲ, ಅದನ್ನು ನಾನು ಚೆನ್ನಾಗಿ ಅಭ್ಯಾಸ ಮಾಡಿದ್ದೇನೆ. ಅದಕ್ಕೆ ಹತ್ತಿರದ ದಾರಿ ಎಂದರೆ ಅಲರ್ಜಿ. ಖಾಲಿ ಜಾಗವಿದ್ದರೆ ಹೋಗುವುದಿಲ್ಲ, ಅಕ್ಷರಗಳಿದ್ದರೆ ಅವುಗಳ ಮೇಲೆಯೇ ಹಾಯುತ್ತದೆ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ಒಂದರ ಮೇಲೊಂದು ಮಲಗಿಸಿ ಒಂದೇ ಗೆರೆಯಂತೆ ತೋರಿಸುವುದು ಅದಕ್ಕೆ ಬಹಳ ಪ್ರಿಯವಾದ ವಿನೋದ. ಕೈಯಿಂದ ಹಿಡಿದು ನೇರ ಮಾಡಿದರೆ, ನಾವು ನೋಡುತ್ತಿರುವವರೆಗೆ ನೇರವಾಗಿದ್ದು, ಪಕ್ಕದ ದೀಪವನ್ನು ಮುಟ್ಟಿದ ಕೂಡಲೇ ಹಳೆಯ ಡೊಂಕಿಗೆ ಮರಳುತ್ತದೆ. ನಾಯಿಯ ಬಾಲಕ್ಕಾದರೂ ಒಂದೇ ಡೊಂಕು.

ನಿನ್ನೆ ಸ್ವಿಚ್ಚನ್ನು ಮತ್ತೆ ಅರ್ಧ ಅಂಗುಲ ಸರಿಸಿ, ರಾತ್ರಿ ಒಂದು ಗಂಟೆಯವರೆಗೆ ಕುಳಿತು, ಹದಿನಾಲ್ಕು ತಂತಿಗಳನ್ನೂ ಒಂದೊಂದಾಗಿ ಒಲಿಸಿಕೊಂಡು, ಕಣ್ಣಿಗೆ ಒಪ್ಪವಾಗಿ ಕಂಡ ಕ್ಷಣದಲ್ಲೇ ಉಸಿರು ಬಿಗಿಹಿಡಿದು ಮುದ್ರಿಸಿದೆ. ಮುದ್ರಣವಾದ ಮೇಲೆ ಅದು ಅಲುಗಾಡುವಂತಿಲ್ಲವಲ್ಲ, ಆ ಸಮಾಧಾನದಲ್ಲಿ ನಿದ್ದೆ ಬಂತು.

ಇಂದು ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದರು. ನನಗಿಂತ ಹಿರಿಯರು, ಮಾತು ಕಡಿಮೆ. ಹಾಳೆಯನ್ನು ಕೈಗೆ ತೆಗೆದುಕೊಂಡು ಒಮ್ಮೆ ನೇರವಾಗಿ, ಒಮ್ಮೆ ಅಡ್ಡವಾಗಿ, ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿದರು. ಚೆನ್ನಾಗಿದೆ ಎನ್ನುತ್ತಾರೆಂದು ಕಾಯುತ್ತಿದ್ದೆ. ಅವರು ಬೆರಳಿನಿಂದ ಒಂದು ತಂತಿಯ ಹಿಂದೆ ಹೊರಟರು. ಬೆರಳು ನಿಧಾನವಾಗಿ ಎಮರ್ಜೆನ್ಸಿ ಸ್ವಿಚ್ಚನ್ನು ತಲುಪಿ ಅಲ್ಲೇ ನಿಂತಿತು.

"ಸರ್, ಈ ಕೆಂಪು ಗುಂಡಿ ಒತ್ತಿದರೆ ಏನಾಗಬೇಕು?"

"ಹೀಟರ್ ಆರಬೇಕು."

"ಇದರಲ್ಲಿ ದೀಪ ಆರುತ್ತದೆ. ಹೀಟರ್ ಉರಿಯುತ್ತಲೇ ಇರುತ್ತದೆ." ಸ್ವಲ್ಪ ತಡೆದು ಕೇಳಿದರು: "ಕತ್ತಲಲ್ಲಿ ಕುದಿಸಿದರೆ ರುಚಿ ಹೆಚ್ಚೇ ಸರ್?"

ನೋಡಿದೆ. ಅವರು ಹೇಳಿದ್ದು ನಿಜ. ಸ್ವಿಚ್ಚಿನಲ್ಲಿ 11 ಎಂದು ಗುರುತಿಸಿದ ಟರ್ಮಿನಲ್‌ಗೆ, ಅಂದರೆ ತಂತಿ ಬಿಗಿಯುವ ಸ್ಕ್ರೂವಿಗೆ, ಫೇಸ್ ಬಂದು, 12ರಿಂದ ಹೊರಟು ಕಾಂಟ್ಯಾಕ್ಟರಿನ ಕಾಯಿಲ್‌ಗೆ ಹೋಗಬೇಕಿತ್ತು. ಆದರೆ ಆ ತಂತ್ರಾಂಶದಲ್ಲಿ ಗೆರೆ ಅಂಟಿಕೊಳ್ಳುವುದು ಚೌಕಕ್ಕೆ, ಟರ್ಮಿನಲ್‌ಗಲ್ಲ. ಚೌಕದ ಯಾವ ಬದಿ ಹತ್ತಿರವೋ ಆ ಬದಿಗೆ ಅದು ಸರಿದುಕೊಳ್ಳುತ್ತದೆ. ಅರ್ಧ ಅಂಗುಲ ಸರಿಸಿದ ಪುಣ್ಯಕ್ಕೆ ಬರುವ ತಂತಿ, ಹೋಗುವ ತಂತಿ ಎರಡೂ 11ರಲ್ಲೇ ಕೂಡಿಕೊಂಡು ಸ್ವಿಚ್ಚಿನ ಒಳಗೆ ಕಾಲಿಡದೆಯೇ ಕಾಂಟ್ಯಾಕ್ಟರಿಗೆ ಹೋಗಿದ್ದವು. 12ರಲ್ಲಿ ಉಳಿದಿದ್ದು ದೀಪದ ತಂತಿ ಮಾತ್ರ. ರಾತ್ರಿಯೆಲ್ಲ ಕುಳಿತು ನಾನು ತಂತಿಗಳ ಅಂದವನ್ನು ನೋಡಿದ್ದೆ, ಅವು ಎಲ್ಲಿ ಮುಗಿಯುತ್ತವೆ ಎಂಬುದನ್ನು ನೋಡಿರಲಿಲ್ಲ. ನಗುವೂ ಬಂತು, ಜೊತೆಗೆ ಒದ್ದೆ ಕಾಲಿನಲ್ಲಿ ಆ ಗುಂಡಿಯನ್ನು ನಂಬಿ ನಿಂತಿರುವ ನನ್ನ ಚಿತ್ರ ಕಣ್ಣಮುಂದೆ ಬಂದು ಬೆನ್ನು ತಣ್ಣಗಾಯಿತು.

ಅವರು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ನನ್ನ ಹಾಳೆಯನ್ನು ಮಗುಚಿ, ಬೆನ್ನಿನ ಮೇಲೆ ಎರಡು ಉದ್ದ ಗೆರೆ ಎಳೆದು, ನಡುವೆ ಏಣಿಯ ಮೆಟ್ಟಿಲುಗಳಂತೆ ಒಂದೊಂದೇ ಸಾಲು ಬರೆಯುತ್ತ ಬಂದರು. ಮೊದಲ ಮೆಟ್ಟಿಲಿನಲ್ಲಿ ಎಮರ್ಜೆನ್ಸಿ ಸ್ವಿಚ್, ಅದರ ಮುಂದೆ ಕೀಲಿ ಸ್ವಿಚ್, ಅದರ ಮುಂದೆ ಕಾಯಿಲ್. ಎರಡನೆಯದರಲ್ಲಿ ದೀಪ. ಕರೆಂಟು ಯಾವ ಕ್ರಮದಲ್ಲಿ ಏನು ಮಾಡುತ್ತದೆ ಎಂಬುದು ಕಥೆಯಂತೆ ಓದಿಸಿಕೊಂಡು ಹೋಗುತ್ತಿತ್ತು. ಯಾವ ತಂತಿ ಯಾವ ಸ್ಕ್ರೂವಿಗೆ ಎಂಬುದು ಬೇರೆಯೇ ಚಿತ್ರವಂತೆ. ನಾನು ಆರು ವಾರಗಳಿಂದ ಎರಡನ್ನೂ ಒಂದೇ ಹಾಳೆಗೆ ತುರುಕುತ್ತಿದ್ದೆ. ಗಡಿಯಾರ ನೋಡಿದೆ. ಐದು ನಿಮಿಷವೂ ಆಗಿರಲಿಲ್ಲ. ಮಿತ್ರರು ಹೇಳುತ್ತಿದ್ದ ತಂತ್ರಾಂಶ ಇದೇ ಇರಬೇಕು.

ಪೆನ್ಸಿಲಿನ ಆ ಬೂದುಬಣ್ಣದ ಗೆರೆಗಳನ್ನು ನೋಡುವಾಗ ಅಪ್ಪನ ನೆನಪಾಯಿತು. ನಮ್ಮ ಹಳೆಯ ಮನೆಯ ಫ್ಯೂಸ್ ಪೆಟ್ಟಿಗೆಯ ಬಾಗಿಲಿನ ಒಳಬದಿಯಲ್ಲಿ ಅವರು ಒಂದು ಚೀಟಿ ಅಂಟಿಸಿದ್ದರು: ಎಡದಿಂದ ಮೊದಲನೆಯದು ಅಡುಗೆಮನೆ, ಎರಡನೆಯದು ಪಂಪು, ಮೂರನೆಯದು ನಡುಮನೆ. ಮೂರನೆಯದನ್ನು ಒಮ್ಮೆ ಹೊಡೆದುಹಾಕಿ ಕೆಳಗೆ ಸಣ್ಣದಾಗಿ "ಮತ್ತು ಬಚ್ಚಲು" ಎಂದು ತಿದ್ದಿದ್ದರು. ಅಪ್ಪ ಹೋದ ಮೇಲೆ, ಒಂದು ಮಳೆಗಾಲದ ರಾತ್ರಿ ಕರೆಂಟ್ ಹೋದಾಗ, ಟಾರ್ಚ್ ಹಿಡಿದು ಆ ಬಾಗಿಲು ತೆರೆದಿದ್ದೆ. ಯಾವ ಫ್ಯೂಸ್ ಎಂದು ಅಕ್ಷರ ಹೇಳಿತು. ಆ ಅಕ್ಷರದ ಮುಂದೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದೆ.

ಪೆನ್ಸಿಲ್ ಚಿತ್ರವನ್ನೇ ಪೆಟ್ಟಿಗೆಯೊಳಗೆ ಅಂಟಿಸಿಬಿಡಬಹುದಿತ್ತು. ಆದರೆ ಕುದಿಯುವ ಪಾತ್ರೆಯ ಹಬೆಗೆ ಪೆನ್ಸಿಲ್ ಬಾಳುವುದಿಲ್ಲ, ಮತ್ತು ನನ್ನ ಹಟವೂ ಸಣ್ಣದಲ್ಲ. ಮಧ್ಯಾಹ್ನ ಕ್ಯುಎಲೆಕ್ಟ್ರೋಟೆಕ್ ಎಂಬುದನ್ನು ಹಾಕಿಕೊಂಡೆ. ಇದೂ ಉಚಿತ, ಬೋರ್ಡಿಗಲ್ಲ, ಕಚೇರಿಗಲ್ಲ, ವಿದ್ಯುತ್ ಪ್ಯಾನೆಲ್‌ನಂಥ ಕೆಲಸಕ್ಕೆಂದೇ ಮಾಡಿದ್ದು. ಕಾಂಟ್ಯಾಕ್ಟರಿನ ಕಾಯಿಲ್ ಒಂದು ಪುಟದಲ್ಲಿ, ಅದರ ಸಂಪರ್ಕಗಳು ಇನ್ನೊಂದು ಪುಟದಲ್ಲಿದ್ದರೂ ಎರಡರ ನಂಟನ್ನು ನೆನಪಿಟ್ಟುಕೊಳ್ಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದರಲ್ಲಿ ತಂತಿ ಅಂಟುವುದು ಟರ್ಮಿನಲ್‌ಗೆ. ಸ್ವಿಚ್ಚನ್ನು ಅರ್ಧ ಅಂಗುಲ ಸರಿಸಿದೆ, ಒಂದು ಅಂಗುಲ ಸರಿಸಿದೆ, ಹಾಳೆಯ ಆ ತುದಿಯಿಂದ ಈ ತುದಿಗೆ ಎಳೆದಾಡಿದೆ. ತಂತಿ 12ನ್ನು ಬಿಡಲಿಲ್ಲ. ಮಿತ್ರರು ಇದರ ಹೆಸರನ್ನು ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ನನ್ನ ಪಿಐಡಿ ಕಂಟ್ರೋಲರಿನ ಚಿಹ್ನೆ ಅದರ ಸಂಗ್ರಹದಲ್ಲಿ ನನ್ನ ಕಣ್ಣಿಗೆ ಬೀಳದೆ ನಾನೇ ಬರೆಯಬೇಕಾಯಿತು, ಅದಕ್ಕೆ ಎರಡು ಗಂಟೆ ಹಿಡಿಯಿತು, ಆ ವಿಷಯ ಬೇರೆ.

ಹಾಳೆಯ ಕೆಳಗಿನ ಪಟ್ಟಿಯಲ್ಲಿ ಚಿತ್ರ ಬರೆದವರ ಹೆಸರಿಗೊಂದು ಖಾನೆಯಿದೆ. ನನ್ನ ಹೆಸರು ಹಾಕಲು ಮನಸ್ಸು ಒಪ್ಪಲಿಲ್ಲ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ನಿಮ್ಮ ಹೆಸರನ್ನು ಪೂರ್ತಿಯಾಗಿ ಹೇಗೆ ಬರೆಯಬೇಕು ಎಂದು ಕೇಳಿದೆ.

"ಹೆಸರು ಯಾಕೆ ಸರ್, ಬಿಡಿ. ಅರ್ಥ್ ತಂತಿ ಹಾಕಿದಿರಾ?"

ಪೆನ್ಸಿಲ್ ಹಾಳೆಯನ್ನು ಮತ್ತೆ ನೋಡಿದೆ. "ನಿಮ್ಮ ಚಿತ್ರದಲ್ಲಿ ಇಲ್ಲವಲ್ಲ?"

"ಅದನ್ನು ಬರೆಯಬೇಕೇ ಸರ್? ಅರ್ಥ್ ಇರಲೇಬೇಕೆಂದು ಎಲ್ಲರಿಗೂ ಗೊತ್ತಲ್ಲ."

ಫೋನಿಟ್ಟು, ಹಸಿರು-ಹಳದಿ ಪಟ್ಟೆಯ ತಂತಿಯನ್ನು ಯಾವ ಮೆನುವಿನಲ್ಲಿ ಇಟ್ಟಿದ್ದಾರೆಂದು ಹುಡುಕತೊಡಗಿದೆ.