ಗಾಡಿ ನಂಬರ್ ಹೇಳ್ರಿ ಸರ

ಸೈಕಲ್ ಟೂ ವೀಲರ್ ಅಲ್ಲಂತ್ರಿ. ನಾ ಇಷ್ಟು ವರ್ಷ ಎರಡ ಗಾಲಿ ಅಂತ ತಿಳ್ಕೊಂಡಿದ್ದೆ, ಈಗ ಎಣಿಸಿದ್ರೂ ಎರಡ ಬರ್ತಾವ, ಆದ್ರ ನಮ್ ಆಫೀಸ್ ಇರೋ ಕಾಂಪ್ಲೆಕ್ಸಿನ ಪಾರ್ಕಿಂಗ್ ಹುಡುಗ ಅಲ್ಲ ಅಂದಮ್ಯಾಲ ಮುಗೀತು. "ಇದು ಟೂ ವೀಲರ್ ಪಾರ್ಕಿಂಗ್ ಅದರಿ ಸರ, ಸೈಕಲ್ ನಡ್ಯಾಂಗಿಲ್ಲ." ಅವನ ಕೈಯಾಗ ಒಂದು ಮಷೀನ್ ಅದ, ಅದರಾಗ ಗಾಡಿ ನಂಬರ್ ಹೊಡದ್ರ ಚೀಟಿ ಹೊರಗ ಬರ್ತದ, ನಂಬರ್ ಇಲ್ಲಂದ್ರ ಚೀಟಿ ಇಲ್ಲ, ಚೀಟಿ ಇಲ್ಲಂದ್ರ ಅಲ್ಲಿ ನಿಂತಿರೋ ಗಾಡಿನೂ ಇಲ್ಲ, ಅದರ ಬಾಜು ನಿಂತಿರೋ ನಾನೂ ಇಲ್ಲ. ಕೆಎ 32 ಅಂತ ಹೊಡದು ಮುಂದ ಏನರೆ ನಾಕು ಸೊನ್ನಿ ಹಾಕೋ ತಮ್ಮಾ ಅಂದೆ. "ಸುಳ್ಳು ನಂಬರ್ ಹಾಕಿದ್ರ ನನ್ ಪಗಾರ ಕಟ್ ಆಗ್ತದರಿ" ಅಂದ. ಹುಡುಗಂದು ತಪ್ಪಿಲ್ಲ ಬಿಡ್ರಿ, ಪ್ರಾಮಾಣಿಕ.

ಮಜಾ ಏನಂದ್ರ ನನ್ ಹಿಂದ ಒಬ್ರು ಕರೆಂಟಿನ ಸ್ಕೂಟಿ ತಗೊಂಡು ಬಂದ್ರು. ಈ 250 ವ್ಯಾಟಿಂದು ಇರ್ತಾವಲ್ಲ, 25 ಕಿಲೋಮೀಟರಿಗಿಂತ ಜೋರ್ ಹೋಗಾಂಗಿಲ್ಲ, ಅವಕ್ಕ ರಿಜಿಸ್ಟ್ರೇಷನ್ ಬೇಕಾಗಿಲ್ಲ, ಲೈಸೆನ್ಸ್ ಬೇಕಾಗಿಲ್ಲ, ಕಾಯ್ದೆ ಪ್ರಕಾರ ಅದು ಮೋಟಾರು ವಾಹನನ ಅಲ್ಲ, ಅಂದ್ರ ಹೆಚ್ಚೂ ಕಡಿಮಿ ನನ್ ಸೈಕಲಿನ ಖಾಸಾ ತಮ್ಮ. ಅದಕ್ಕೂ ನಂಬರ್ ಪ್ಲೇಟ್ ಇಲ್ಲ. ಹುಡುಗ ಏನೋ ಒತ್ತಿದ, ಚೀಟಿ ಬಂತು, ಒಳಗ ಹೋದ್ರು. ಅದಕ್ ಹ್ಯಾಂಗ ಬಿಟ್ಟೆಪಾ ಅಂತ ಕೇಳಿದ್ರ, "ಅದು ಸ್ಕೂಟಿ ಅದಲ್ರಿ ಸರ" ಅಂತಾನ. ನಾ ಸುಮ್ಕಾದೆ. ಈಗ ನನ್ ಸೈಕಲ್ ಎದುರಿನ ಚಾದ ಅಂಗಡಿ ಹಿಂದ ಗ್ಯಾಸ್ ಸಿಲಿಂಡರ್ ಬಾಜು ನಿಲ್ತದ, ಬಾಡಿಗಿ ದಿನಾ ಎರಡು ಚಾ. ಪಾರ್ಕಿಂಗಿಗಿಂತ ತುಟ್ಟಿ, ಆದ್ರ ಚಾ ಛೊಲೊ ಇರ್ತದ.

ನಾ ಸುರಪುರದಾಂವ, ಕೆಲಸ ಅಂತ ಕಲಬುರಗಿಗಿ ಬಂದೀನಿ. ರೂಮು ಶಹಾಬಜಾರ ಕಡಿ, ಆಫೀಸು ಜಗತ್ ಸರ್ಕಲ್ ದಾಟಿ ಮುಂದ. ಹೊಸಾ ಊರು, ಓಣಿ ಗೊತ್ತಿಲ್ಲ, ಸೈಕಲ್ ಮ್ಯಾಲ ಹೋದ್ರ ಊರು ಸಾವಕಾಶ ತಿಳೀತದ ಅಂತ ಲೆಕ್ಕ ಹಾಕಿದ್ದೆ. ಊರು ತಿಳೀತೋ ಇಲ್ಲೋ, ಊರ ಮಂದಿಗಿ ನಾ ಮಾತ್ರ ಭಾಳ ಜಲ್ದಿ ತಿಳದೆ. ನಲವತ್ತು ದಾಟಿದ ಮನಷ್ಯಾ ಇಸ್ತ್ರಿ ಅಂಗಿ ಹಾಕ್ಕೊಂಡು ಸೈಕಲ್ ಹೊಡಕೋತ ಹೊಂಟಾನಂದ್ರ ಒಂದೋ ರೊಕ್ಕ ಇಲ್ಲ, ಇಲ್ಲಾ ಡಾಕ್ಟರ್ ಹೇಳ್ಯಾನ. ಮೂರನೇ ಕಾರಣ ಈ ಊರಾಗ ಇನ್ನಾ ಬಂದಿಲ್ಲ. "ಶುಗರ್ ಎಷ್ಟದರಿ?" ಅಂತ ಸಿಗ್ನಲ್ಲಿನಾಗ ಬಾಜು ಬೈಕಿನಾಂವ ಕೇಳ್ತಾನ್ರೀ, ಹೆಸರಲ್ಲ ಊರಲ್ಲ, ನೇರ ಶುಗರ್. ಇಲ್ರಿ ಅಂದ್ರ ನಂಬಲ್ಲ, "ಖಾಲಿ ಹೊಟ್ಟಿದು ಚೆಕ್ ಮಾಡಿಸ್ರಿ ಒಮ್ಮಿ" ಅಂತ ಹೇಳಿ ಗ್ರೀನ್ ಆದ ಕೂಡ್ಲೇ ಹೋಗಿಬಿಡ್ತಾನ. ಮನಿ ಮಾಲಕ್ರದು ಬ್ಯಾರೆ ಚಿಂತಿ. ನಾ ಸೈಕಲ್ ಮ್ಯಾಲ ಬಂದಿದ್ದು ನೋಡಿ ಅಡ್ವಾನ್ಸ್ ಇನ್ನೊಂದ್ ತಿಂಗಳಿಂದು ಹೆಚ್ಚಿಗಿ ಕೇಳಿದ್ರು. ಆಫೀಸಿನ್ಯಾಗ ಒಬ್ರು ಭಾಳ ಮರ್ಯಾದಿಲೆ ಬಾಜು ಕರದು, ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್ ಅದ, ಕಂತಿನ ಮ್ಯಾಲ ಕೊಡಸ್ತೀನಿ, ಯಾರಿಗೂ ಹೇಳಾಂಗಿಲ್ಲ ಅಂದ್ರು.

ನಮ್ ಕಾಕಾ ಹೇಳ್ತಿರ್ತಾನ, ಅವನ ಕಾಲದಾಗ ಸೈಕಲಿಗೂ ಲೈಸೆನ್ಸ್ ಇತ್ತಂತ, ವರ್ಷಾ ರೊಕ್ಕಾ ತುಂಬಿ ಹಿತ್ತಾಳಿ ಬಿಲ್ಲೆ ತಂದು ಸೈಕಲಿಗಿ ಬಡಿಬೇಕಿತ್ತಂತ. ರಾತ್ರಿ ದೀಪ ಇಲ್ದೆ ಹೊಂಟ್ರ ದಂಡ, ಡಬಲ್ ಸೀಟ್ ಹೊಂಟ್ರ ದಂಡ. ದೀಪ ಈಗಷ್ಟೇ ಗಾಳಿಗಿ ಆರ್ತುರಿ ಸಾಹೇಬ್ರ ಅಂತ ಯಾರರೆ ಅಂದ್ರ ಪೊಲೀಸಪ್ಪ ದೀಪದ ಗಾಜು ಮುಟ್ಟಿ ನೋಡಾಂವಂತ, ಬೆಚ್ಚಗ ಇದ್ರ ಬಿಡಾಂವ, ತಣ್ಣಗ ಇದ್ರ ಹವಾ ತಗದು ನಡಸ್ಕೋತ ಕಳಸಾಂವ. ಅದಕ ನಮ್ ಕಾಕಾ ಚೌಕ್ ಬರೋಕಿಂತ ಮೊದಲ ಕಡ್ಡಿ ಗೀರಿ ದೀಪ ಬಿಸಿ ಮಾಡಿ ಆರಸ್ತಿದ್ನಂತ. ಎಣ್ಣಿ ಉಳಿಸ್ಲಾಕ! ದೀಪ ಹಚ್ಚೇ ಬಿಟ್ಟಾನಂದಮ್ಯಾಲ ಹಂಗ ಹೋಗಬಹುದಿತ್ತಲ್ಲೋ ಕಾಕಾ ಅಂದ್ರ ಸಿಟ್ಟಿಗೇಳ್ತಾನ. ಇರ್ಲಿ. ನಾ ಹೇಳೋದೇನಂದ್ರ ದಂಡಾ ಹಾಕಲಾಕರೆ ಸೈಕಲ್ ಕಣ್ಣಿಗಿ ಬೀಳ್ತಿತ್ತು. ಈಗ ಬಿಲ್ಲೇನೂ ಇಲ್ಲ, ದಂಡಾನೂ ಇಲ್ಲ, ಪೂರಾ ಸ್ವಾತಂತ್ರ್ಯ.

ಸರ್ಕಾರಕ್ಕ ಸೈಕಲ್ ಗೊತ್ತಿಲ್ಲಂತ ಅನ್ನಂಗಿಲ್ಲ ಮತ್ತ. 2006-07ರಾಗ ಎಂಟನೇತ್ತಾ ಮಕ್ಕಳಿಗೆ ಸೈಕಲ್ ಕೊಡ್ಲಾಕ ಶುರು ಮಾಡಿದ್ದು ಇದೇ ಸರ್ಕಾರಗೋಳು, ಕೊರೊನಾ ಬಂತು, ಸೈಕಲ್ ನಿಂತ್ವು. ಆ ಸೈಕಲ್ ಇನ್ನಾ ಹಳ್ಯಾಗ ಓಡ್ಯಾಡ್ತಾವ, ಹಿಂದ ಹಾಲಿನ ಕ್ಯಾನು, ಮುಂದ ಮೇವಿನ ಕಟ್ಟು, ಹ್ಯಾಂಡಲಿಗಿ ಟಿಫಿನ್. ಸಾಲಿಗಿ ಕೊಟ್ಟಿದ್ದ ಸೈಕಲ್ ಕೂಲಿಗಿ ಹೊಂಟದ.

ರಸ್ತಾದ ಬಗ್ಗೆ ಏನ್ ಹೇಳ್ಲಿ, ನೀವೂ ಅದರ ಮ್ಯಾಲೇ ಬರ್ತೀರಿ. ಸೇಡಂ, ವಾಡಿ, ಶಹಾಬಾದ ಕಡಿ ಇಷ್ಟು ಸಿಮೆಂಟ್ ಆಗ್ತದ, ಇಡೀ ದೇಶಕ್ಕ ಹೋಗ್ತದ, ನಮಗ ಅದರ ಧೂಳು ಬರ್ತದ. ರಸ್ತಾದ ಅಳತಿ ಹೇಳೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿಂದು 99ನೇ ನಂಬರಿನ ಪುಸ್ತಕ ಒಂದದ, ಹಂಪ್ ಹ್ಯಾಂಗ ಇರಬೇಕಂತ, 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮುಂದ ಬೋರ್ಡು, ಮ್ಯಾಲ ಬಣ್ಣ. ನಮ್ ಓಣ್ಯಾಗ ತೊಗರಿ ಚೀಲ ಅಡ್ಡ ಮಲಗಿಸಿದಂಗ ಹಾಕ್ಯಾರ, ಯಾರ ಮನಿ ಮುಂದ ಯಾರು ಹಾಕಿದ್ರು ಅಂತ ಅವರಿಗೇ ಗೊತ್ತು. ಸೂಪರ್ ಮಾರ್ಕೆಟಿಂದ ಜಗತ್ ತನಕ ಟಂಟಂ ಆಟೋದಾಂವ ಎಲ್ಲಿ ಕೈ ಕಂಡ್ತದೋ ಅಲ್ಲಿ ಎಡಕ ಹೊಳ್ಳತಾನ, ಎಡಕ ನಾ ಇರ್ತೀನಿ. ಇನ್ನಾ ಎಡಕ ಸರದ್ರ ಗಟಾರ. ಗಟಾರದ ಮ್ಯಾಲ ಫರ್ಸಿ ಹಾಕ್ಯಾರ, ಖಾಸ ಶಹಾಬಾದ ಕಲ್ಲು, ನಾಕು ಫರ್ಸಿ ಇದ್ದು ಐದನೇದು ಇರಾಂಗಿಲ್ಲ. ಆ ಐದನೇದು ಎಲ್ಲಿ ಹೋಗ್ತದಂತ ಭಾಳ ವಿಚಾರ ಮಾಡೀನಿ. ಯಾರೋ ಬಚ್ಚಲಕ್ಕ ಒಯ್ದಿರಬೇಕು.

ಮಳಿ ಬಂದ್ರ ಇನ್ನೊಂದ್ ಕಥಿ. ಪೈಪ್ ಹಾಕ್ಲಾಕ ಅಗದು ಮುಚ್ಚಿರ್ತಾರಲ್ಲ, ಅಲ್ಲಿ ಎರಿ ಮಣ್ಣು ಮ್ಯಾಲ ಬಂದಿರ್ತದ. ಬೈಕಿನಾಂವ ಹಾರಿಸ್ಕೊಂಡು ಹೋಗ್ತಾನ. ಸೈಕಲಿನ ಗಾಲಿಗಿ ಆ ಮಣ್ಣು ಒಂದ್ ಸುತ್ತು ಹತ್ತಿದ್ರ ಮಡ್‌ಗಾರ್ಡ್ ಒಳಗ ಹೋಗಿ ತುಂಬ್ತದ, ಎರಡನೇ ಸುತ್ತಿಗಿ ಗಾಲಿ ತಿರುಗಾಂಗಿಲ್ಲ, ಜಗ್ಗಿದ್ರ ಹಿಂದಿನ ಗಾಲಿ ಹಂಗೇ ಉಜ್ಕೋತ ಬರ್ತದ. ಕಡ್ಡಿ ತಗೊಂಡು ತಿವೀಬೇಕು, ಕಡ್ಡಿ ಮುರೀತದ, ಮಣ್ಣು ಬರಾಂಗಿಲ್ಲ. ಮಂದಿ ನಿಂತು ನೋಡ್ತಾರ. ಒಬ್ಬ ಅಜ್ಜ "ಮಡ್‌ಗಾರ್ಡ್ ಬಿಚ್ಚಿ ಒಗಿ" ಅಂದ, ಇಷ್ಟು ದಿನದಾಗ ಈ ಊರಾಗ ಸಿಕ್ಕ ಒಂದೇ ತಾಂತ್ರಿಕ ಸಲಹೆ ಅದು. ಬಿಚ್ಚಿ ಒಗದೀನಿ. ಈಗ ಮಣ್ಣು ನೇರ ಬೆನ್ನಿಗಿ ಬರ್ತದ.

ಬಿಸಲಿನ ಮಾತು ಬಿಡ್ರಿ. ಏಪ್ರಿಲ್ ಮೇದಾಗ ನಮ್ ಕಡಿ ಸರ್ಕಾರಿ ಆಫೀಸ್ ಮುಂಜಾನಿ 8ರಿಂದ ಮಧ್ಯಾಹ್ನ 1:30 ಅಷ್ಟೇ, ಯಾಕಂದ್ರ ಆಮ್ಯಾಲ ಫ್ಯಾನಿನ ಕೆಳಗೂ ಮನಷ್ಯಾ ಕುಂದ್ರಲಾಕ ಆಗಲ್ಲ ಅಂತ ಸರ್ಕಾರನೇ ಒಪ್ಕೊಂಡದ. ಒಪ್ಕೊಂಡು, ರಸ್ತಾ ಅಗಲ ಮಾಡ್ಲಾಕ ಬೇವಿನ ಗಿಡ ಕಡಿಸ್ತಾರ.

ಇಷ್ಟೆಲ್ಲಾ ಆದಮ್ಯಾಲ ಜೂನ್ 3 ಬರ್ತದ, ವಿಶ್ವ ಸೈಕಲ್ ದಿನ. ವಿಶ್ವಸಂಸ್ಥೆ 2018ರಾಗ ಘೋಷಣಾ ಮಾಡ್ಯಾದ, ಪುಣ್ಯಾತ್ಮರು. ಅವತ್ತು ನೋಡ್ರಿ ನಮ್ಮ ಮರ್ಯಾದಿ! ಸೈಕಲ್ ಕಾರಿನ ಮ್ಯಾಲ ಕೂತು ಬರ್ತದ, ಮುಂದ ಪೊಲೀಸ್ ಜೀಪು, ಹಿಂದ ಆಂಬುಲೆನ್ಸು, ರಸ್ತಾ ಖಾಲಿ, ಹಸಿರು ಬಾವುಟ, ಬಾಳೆಹಣ್ಣು, ಬಿಳಿ ಟೀಶರ್ಟು. ಸಾಹೇಬ್ರು ಪೆಡಲ್ ಮ್ಯಾಲ ಒಂದ್ ಕಾಲು ಇಟ್ಟು ನಕ್ಕು ಫೋಟೋ ಕೊಡ್ತಾರ, ಇನ್ನೊಂದ್ ಕಾಲು ನೆಲದ ಮ್ಯಾಲೇ ಇರ್ತದ, ಯಾವ ವರ್ಷದ ಫೋಟೋ ಬೇಕಾದ್ರೂ ತಗದು ನೋಡ್ರಿ. ಪರಿಸರ ಉಳಿಸಿ, ಆರೋಗ್ಯ ಉಳಿಸಿ ಅಂತ ಭಾಷಣ. ಅದೇ ಹೊತ್ತಿನ್ಯಾಗ, ಅದೇ ರಸ್ತಾದ ಬದಿಗಿ, ಗಂಜ್ ಮಾರ್ಕೆಟಿಗಿ ಹೊಂಟ ಹಮಾಲ್ರು, ಗೌಂಡಿ ಕೆಲಸದವ್ರು, ರಾತ್ರಿ ಪಾಳಿ ಮುಗಿಸಿದ ವಾಚಮನ್‌ಗೋಳು ಸೈಕಲ್ ಹಿಡ್ಕೊಂಡು ಜಾಥಾ ಮುಗೀಲಿ ಅಂತ ನಿಂತಿರ್ತಾರ, ಅವ್ರನ್ನ ದಾಟ್ಲಾಕ ಬಿಡಾಂಗಿಲ್ಲ. ಸೈಕಲ್ ದಿನಕ್ಕ ಅಡ್ಡಿ ಆಗ್ತದಲ್ಲ.

2011ರ ಜನಗಣತಿಯೊಳಗ ದೇಶದ ನೂರು ಮನಿಗಿ ಸುಮಾರು 45 ಮನ್ಯಾಗ ಸೈಕಲ್ ಇದ್ವು, ಸ್ಕೂಟರ್ ಬೈಕು 21 ಮನ್ಯಾಗ, ಕಾರು 5 ಮನಿನೂ ಪೂರಾ ಇಲ್ಲ. 2021ರಾಗ ಆಗಬೇಕಿದ್ದ ಗಣತಿ ಆ ವರ್ಷ ಆಗಲೇ ಇಲ್ಲ, ಅದಕ್ಕ ಹೊಸಾ ಲೆಕ್ಕ ಕೇಳಬ್ಯಾಡ್ರಿ. 2006ರಾಗೇ ಕೇಂದ್ರ ಸರ್ಕಾರ ನಗರ ಸಾರಿಗಿ ನೀತಿ ಅಂತ ಬರದದ, ರಸ್ತಾ ಇರೋದು ಮಂದಿ ಸಾಗಲಾಕ, ಗಾಡಿ ಸಾಗಲಾಕ ಅಲ್ಲ ಅಂತ ಅದರ ಭಾವಾರ್ಥ. ಯಾರರೆ ಓದ್ಯಾರೇನ್ರಿ? ಇಪ್ಪತ್ತು ವರ್ಷದಾಗ ಒಬ್ಬರರೆ? ಪೇಪರಿನ್ಯಾಗ ಒಳಗಿನ ಪುಟದಾಗ ಎರಡು ಸಾಲು ಬರ್ತದ ನೋಡ್ರಿ, ಅಪರಿಚಿತ ವಾಹನ ಡಿಕ್ಕಿ, ಸೈಕಲ್ ಸವಾರ ಸಾವು. ನಂಬರ್ ಇರೋ ಗಾಡಿ ಅಪರಿಚಿತ. ನಂಬರ್ ಇಲ್ದವನ ಹೆಸರು, ವಯಸ್ಸು, ಊರು ಎಲ್ಲಾ ಗೊತ್ತಾಗ್ತದ, ಕಿಸೇದಾಗ ಆಧಾರ್ ಇರ್ತದಲ್ಲ. ಇದನ್ನ ಬರೀಲಾಕ ನನಗ ನಗಿ ಬರ್ತಾ ಇಲ್ರಿ, ಬ್ಯಾಸರ ಬಂದದ.

ನಮಗ ಸೈಕಲ್ ಟ್ರ್ಯಾಕ್ ಬ್ಯಾಡ. ಹಾಕಿದ್ರ ಅದರ ಮ್ಯಾಲ ಮಿರ್ಚಿ ಭಜಿ ಬಂಡಿ ನಿಲ್ತದ, ನಾನೂ ಅಲ್ಲೇ ನಿಂತು ತಿಂತೀನಿ. ಆ ಐದನೇ ಫರ್ಸಿ ಒಂದು ಹಾಕಿಸ್ರಿ, ಸಂಜಿಗಿ ಬೀದಿ ದೀಪ ಹಚ್ಚಿಸ್ರಿ. ಆಗಲ್ಲಂದ್ರ ಜೂನ್ ಜಾಥಾಕ್ಕರೆ ನನ್ ಹೆಸರು ಬರಕೋರಿ, ಟೀಶರ್ಟ್ ಎಕ್ಸೆಲ್ ಸೈಜು, ಬೆನ್ನು ಕಡಿ ಕರಿ ಬಣ್ಣದ್ದು ಇದ್ರ ಛೊಲೊ.